ಯಾವ ವಿಮಾನಕ್ಕೆ ಯಾವ ಪೈಲಟ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ವಿಮಾನ ಹತ್ತಬೇಕೆಂದರೆ ಒಂದೋ ಬೆಳಗಾವಿಯ ಸಾಂಬ್ರಾಕ್ಕೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ. ಈ ಎರಡು ನಿಲ್ದಾಣಗಳಲ್ಲಿ ಕೆಲವು ವರ್ಷಗಳಿಂದ ಮುಖ್ಯವಾಗಿ ಮೂರು ಜಾತಿಯ ವಿಮಾನಗಳು ಬಂದುಹೋಗುತ್ತಿವೆ. ಪಂಖ ತಿರುಗಿಸಿಕೊಂಡು ಬರುವ ಎಟಿಆರ್ 72, ಸುಮಾರು 23 ಟನ್ ತೂಕದ್ದು. ಸ್ಟಾರ್ ಏರ್ ಹಾರಿಸುವ 76 ಸೀಟಿನ ಎಂಬ್ರೇಯರ್ 175, ಸಣ್ಣ ಜೆಟ್. ಮೂರನೆಯದು 180ಕ್ಕೂ ಹೆಚ್ಚು ಜನರನ್ನು ಹೊತ್ತು, 79 ಟನ್ನಿನವರೆಗೆ ತೂಗುತ್ತ ಏರಬಲ್ಲ ಏರ್‌ಬಸ್ 320. ಪ್ರಯಾಣಿಕನಿಗೆ ಇವುಗಳ ನಡುವಿನ ವ್ಯತ್ಯಾಸ ಟಿಕೆಟ್ ದರದ್ದು, ಕಾಲು ಚಾಚುವ ಜಾಗದ್ದು. ಕಾಕ್‌ಪಿಟ್‌ನಲ್ಲಿ ಕೂರುವವರಿಗೆ ಇವು ಮೂರು ಬೇರೆ ಬೇರೆ ಉದ್ಯೋಗಗಳು. ಹತ್ತು ವರ್ಷ ಎಟಿಆರ್ ಹಾರಿಸಿದ ಕ್ಯಾಪ್ಟನ್ ಕೂಡ ಮರುದಿನ ಬೆಳಿಗ್ಗೆ ಏರ್‌ಬಸ್ಸಿನ ಬಲಗಡೆಯ ಸೀಟಿನಲ್ಲಿ ಸಹ ಪೈಲಟ್ ಆಗಿ ಕೂರಲು ಕಾನೂನು ಒಪ್ಪುವುದಿಲ್ಲ. ಆ ಜಾತಿಯ ವಿಮಾನಕ್ಕೆಂದೇ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ, ಲೈಸೆನ್ಸಿನಲ್ಲಿ ಪ್ರತ್ಯೇಕ ನಮೂದು ಬೇಕು. ಅದೇ ಟೈಪ್ ರೇಟಿಂಗ್.

ಇದನ್ನು ನಮ್ಮ ಭಾಗದವರು ತಿಳಿದುಕೊಳ್ಳಬೇಕಾದ ಕಾಲ ಬಂದಿದೆ. ಬೆಳಗಾವಿಯಲ್ಲೂ ಕಲಬುರಗಿಯಲ್ಲೂ ವಿಮಾನ ಹಾರಾಟ ತರಬೇತಿ ಶಾಲೆಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರ ಜಾಗ ಕೊಟ್ಟಿದೆ. ಹಿಂದೆ ಸಾಂಬ್ರಾ ಎಂದರೆ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ. ಪೈಲಟ್ ಆಗಬೇಕೆಂದರೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ, ಇಲ್ಲವೇ ವಿದೇಶ. ಈಗ ಕಬ್ಬು ಬೆಳೆಯುವ ಮನೆಯ ಹುಡುಗಿಗೂ ಮಗ್ಗ ನಡೆಸುವ ಮನೆಯ ಹುಡುಗನಿಗೂ ಆ ದಾರಿ ಹತ್ತಿರವಾಗಿದೆ. ಆದರೆ ಮನೆಯವರ ಲೆಕ್ಕ ಸಾಮಾನ್ಯವಾಗಿ ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೈಗೆ ಬಂದರೆ ಮಗ ಪೈಲಟ್ ಆದ ಎಂದು ಅವರು ತಿಳಿದಿರುತ್ತಾರೆ. ಆ ಲೈಸೆನ್ಸ್ ಹಿಡಿದವರು ಕಾನೂನಿನ ಕಣ್ಣಲ್ಲಿ ಪೈಲಟ್ ಹೌದು. ಬೆಳಗಾವಿಯಿಂದ ಏರುವ ಯಾವ ವಿಮಾನ ಸಂಸ್ಥೆಯ ವಿಮಾನವನ್ನೂ ಅವರು ಮುಟ್ಟುವ ಹಾಗಿಲ್ಲ ಎಂಬುದೂ ಅಷ್ಟೇ ನಿಜ.

ಸಿಪಿಎಲ್ ಪಡೆಯಲು 18 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಒಂದನೇ ದರ್ಜೆ ಸಿಗಬೇಕು, 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿದ್ದಿರಬೇಕು. ಈ ಗಂಟೆಗಳೆಲ್ಲ ಬಹುಪಾಲು ಒಂದು ಟನ್ನಿನ ಆಸುಪಾಸಿನ ಸೆಸ್ನಾದಂಥ ಪುಟ್ಟ ವಿಮಾನದಲ್ಲಿ ಕೂಡಿಬಂದವು. ಅಂಥ ವಿಮಾನಕ್ಕೂ ಎ320ಕ್ಕೂ ನಡುವೆ ಒಂದು ಗಡಿ ಎಲ್ಲೋ ಹಾಕಲೇಬೇಕು. ಆ ಗಡಿಯನ್ನು ಭಾರತವೂ ಇತರ ಹಲವು ದೇಶಗಳೂ ಮುಖ್ಯವಾಗಿ ತೂಕದ ಮೇಲೆ ಹಾಕಿವೆ: 5,700 ಕಿಲೋ. ಅಮೆರಿಕದವರು ಅದನ್ನೇ 12,500 ಪೌಂಡ್ ಎನ್ನುತ್ತಾರೆ, ಜೊತೆಗೆ ಜೆಟ್ ಆದರೆ ತೂಕ ಎಷ್ಟೇ ಇರಲಿ ರೇಟಿಂಗ್ ಬೇಕು ಎನ್ನುತ್ತಾರೆ. ಇಬ್ಬರು ಪೈಲಟ್‌ಗಳಿಲ್ಲದೆ ಹಾರಿಸಬಾರದೆಂದು ಪ್ರಮಾಣೀಕರಿಸಿದ ವಿಮಾನಕ್ಕೂ ಅಂತರರಾಷ್ಟ್ರೀಯ ನಿಯಮ ಟೈಪ್ ರೇಟಿಂಗ್ ಕೇಳುತ್ತದೆ.

ಮುಧೋಳದ ಕಬ್ಬಿನ ಟ್ರ್ಯಾಕ್ಟರ್, ಗೂಡ್ಸ್ ಗಾಡಿ ಓಡಿಸುವವರಿಗೆ ಇಂಥದೇ ಇನ್ನೊಂದು ಗಡಿಯ ಪರಿಚಯ ಇರುತ್ತದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋದೊಳಗಿನ ಸಾರಿಗೆ ವಾಹನವನ್ನು ಬೇರೆ ನಮೂದಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ಮೊದಲು ಅಪಘಾತವಾದಾಗ ವಿಮೆ ಕಂಪನಿಗಳು ಲೈಸೆನ್ಸಿನಲ್ಲಿ ಸರಿಯಾದ ನಮೂದಿಲ್ಲ ಎಂದು ಪರಿಹಾರ ತಡೆದು ವರ್ಷಗಟ್ಟಲೆ ವ್ಯಾಜ್ಯ ನಡೆಸಿದ್ದವು. ತೂಕದ ಗಡಿ ಅಂದರೆ ಹೀಗೆಯೇ. ಎಲ್ಲಿ ಹಾಕಿದರೂ ಅದರ ಆಚೀಚೆ ಇರುವವರ ಬದುಕನ್ನು ಅದು ಮುಟ್ಟುತ್ತದೆ.

ಆಕಾಶದಲ್ಲಿ ಆ ಗಡಿಯ ಬೆಲೆ ಎಷ್ಟೆಂಬುದಕ್ಕೆ ನಮ್ಮ ಎಚ್‌ಎಎಲ್‌ನದೇ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಈ ಸಂಸ್ಥೆ ಕಾನ್ಪುರದಲ್ಲಿ ಡಾರ್ನಿಯರ್ 228 ಮಾದರಿಯ ವಿಮಾನ ತಯಾರಿಸುತ್ತದೆ. ಅದರ ಹೊಸ ನಾಗರಿಕ ರೂಪವಾದ ಹಿಂದೂಸ್ತಾನ್ 228ರ ಗರಿಷ್ಠ ತೂಕವನ್ನು 5,695 ಕಿಲೋಗೆ ಇಳಿಸಿ, 19 ಸೀಟು ಉಳಿಸಿಕೊಂಡು, 2023ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ, ಅಂದರೆ ಡಿಜಿಸಿಎಯಿಂದ, ಒಪ್ಪಿಗೆ ಪಡೆಯಲಾಯಿತು. ಗಡಿಗಿಂತ ಐದೇ ಕಿಲೋ ಕಡಿಮೆ. ಇದರಿಂದ ಪೈಲಟ್ ಅರ್ಹತೆಯ ಹೊರೆ ಇಳಿಯುತ್ತದೆ, ಸಿಪಿಎಲ್ ಇದ್ದವರು ಸುಲಭವಾಗಿ ಸಿಗುತ್ತಾರೆ ಎಂದು ತಯಾರಕರೇ ಹೇಳಿಕೊಂಡರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸಣ್ಣ ಊರುಗಳಿಗೆ 19 ಸೀಟಿನ ವಿಮಾನ ಬರಬೇಕಾದರೆ ಖರ್ಚು ತಗ್ಗಲೇಬೇಕು. ಆದರೆ ಒಂದು ದೊಡ್ಡ ಕಾರ್ಖಾನೆ ತನ್ನ ವಿಮಾನದ ತೂಕವನ್ನೇ ಈ ಗಡಿ ನೋಡಿ ನಿಗದಿ ಮಾಡಿತೆಂದರೆ, ಗಡಿಯಾಚೆಯ ಅರ್ಹತೆ ಪಡೆಯಲು ಪೈಲಟ್ ಮತ್ತು ಸಂಸ್ಥೆ ಎಷ್ಟು ತೆರಬೇಕಾಗುತ್ತದೆ ಎಂದು ಊಹಿಸಿಕೊಳ್ಳಬಹುದು.

ತರಬೇತಿಯ ಕ್ರಮ ಹೀಗಿದೆ. ಮೊದಲು ಕೆಲವು ವಾರ ತರಗತಿ. ಆ ವಿಮಾನದ ಹೈಡ್ರಾಲಿಕ್, ವಿದ್ಯುತ್, ಇಂಧನ, ಒತ್ತಡ ನಿಯಂತ್ರಣ ವ್ಯವಸ್ಥೆಗಳ ಪಾಠ, ಪರೀಕ್ಷೆ. ಆಮೇಲೆ ಅಲುಗಾಡದ ಕಾಕ್‌ಪಿಟ್ ಮಾದರಿಯಲ್ಲಿ ಕೈ ಪಳಗಿಸುವ ಅಭ್ಯಾಸ. ಅದಾದ ಮೇಲೆ ಕಾಲುಗಳ ಮೇಲೆ ನಿಂತು ಓಲಾಡುವ ಪೂರ್ಣ ಸಿಮ್ಯುಲೇಟರ್. ಬೆಂಗಳೂರಿನ ಸಿಎಇ ಕೇಂದ್ರದಲ್ಲಿ ಇಂಥ ಯಂತ್ರಗಳು ಹಗಲು ರಾತ್ರಿ ನಡೆಯುತ್ತವೆ. ಏರುವ ಕ್ಷಣದಲ್ಲೇ ಎಂಜಿನ್ ನಿಂತರೆ, ಹೊಗೆ ತುಂಬಿದರೆ, ಗಾಳಿ ಅಡ್ಡ ಹೊಡೆದರೆ ಏನು ಮಾಡಬೇಕೆಂಬುದನ್ನು ಇಲ್ಲಿ ಜೀವಭಯವಿಲ್ಲದೆ ಮತ್ತೆ ಮತ್ತೆ ಮಾಡಿ ಕಲಿಯುತ್ತಾರೆ. ಕೊನೆಗೆ ಪರೀಕ್ಷಕರ ಮುಂದೆ ಪರೀಕ್ಷೆ. ಅನುಭವ ಕಡಿಮೆಯಿರುವವರು ಪ್ರಯಾಣಿಕರಿಲ್ಲದ ನಿಜ ವಿಮಾನದಲ್ಲಿ ಏರಿ ಇಳಿದು ತೋರಿಸಬೇಕು. ಇಷ್ಟಾದ ಮೇಲೆ ನಮೂದು ಸಿಗುತ್ತದೆ. ಆಗಲೂ ಕೆಲಸ ಮುಗಿದಿರುವುದಿಲ್ಲ. ಪ್ರಯಾಣಿಕರಿರುವ ಹಾರಾಟಗಳಲ್ಲಿ ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕೂತು ನೋಡುವ ಅವಧಿಯೊಂದಿದೆ. ಅದು ಮುಗಿದು ಅಂತಿಮ ಚೆಕ್ ಆದ ಮೇಲೆಯೇ ಹೊಸಬರನ್ನು ಮಾಮೂಲಿ ಪಾಳಿಗೆ ಬಿಡುತ್ತಾರೆ.

ಇಷ್ಟೊಂದು ಯಾಕೆ? ವಿಮಾನ ಹಾರುವ ಸೂತ್ರ ಎಲ್ಲ ಕಡೆ ಒಂದೇ ಅಲ್ಲವೇ? ಈ ಪ್ರಶ್ನೆಗೆ ಕರ್ನಾಟಕದ ನೆಲದ ಮೇಲೆಯೇ ಉತ್ತರ ಬರೆದಾಗಿದೆ.

1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ಹಾರಾಟ ಮಧ್ಯಾಹ್ನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಆಕಾಶ ತಿಳಿಯಾಗಿತ್ತು. ವಿಮಾನ ಎ320, ಇಂಡಿಯನ್ ಏರ್‌ಲೈನ್ಸ್ ಕೈಸೇರಿ ಎರಡು ತಿಂಗಳೂ ಆಗಿರಲಿಲ್ಲ. ಈ ಮಾದರಿಯೇ ಜಗತ್ತಿಗೆ ಹೊಸದು, 1988ರಲ್ಲಿ ಸೇವೆಗೆ ಬಂದದ್ದು. ಕಾಕ್‌ಪಿಟ್‌ನಲ್ಲಿದ್ದವರು ಇಬ್ಬರೂ ಕ್ಯಾಪ್ಟನ್‌ಗಳು, ಇಬ್ಬರೂ ಸಾವಿರಾರು ಗಂಟೆ ಹಾರಿದವರು. ಆದರೆ ಆ ಗಂಟೆಗಳಲ್ಲಿ ಬಹುಪಾಲು ಹಳೆಯ ಕಾಲದ ವಿಮಾನಗಳ ಮೇಲಿನದು. ಎಡಗಡೆ ಕೂತವರು ಈ ಹೊಸ ವಿಮಾನದಲ್ಲಿ ಕಮಾಂಡ್ ಪಡೆಯಲು ಮಾರ್ಗ ಪರೀಕ್ಷೆ ಕೊಡುತ್ತಿದ್ದರು. ಬಲಗಡೆ ಕೂತ ಪರೀಕ್ಷಕರಿಗೂ ಎ320 ಹಳೆಯ ಗೆಳೆಯನಾಗಿರಲಿಲ್ಲ.

ಇಳಿಯುವಾಗ ವಿಮಾನ 'ಓಪನ್ ಡಿಸೆಂಟ್' ಎಂಬ ಸ್ಥಿತಿಗೆ ಹೋಯಿತು. ಆ ಸ್ಥಿತಿಯಲ್ಲಿ ಎಂಜಿನ್‌ಗಳು ತಾವಾಗಿ ಕನಿಷ್ಠ ಶಕ್ತಿಗೆ ಇಳಿದು ನಿಲ್ಲುತ್ತವೆ. ನೆಲ ಹತ್ತಿರವಾಗುವಾಗ ಇರಬಾರದ ಸ್ಥಿತಿ ಅದು. ನಿಮಿಷಕ್ಕೆ ಇಷ್ಟು ಅಡಿ ಇಳಿ ಎಂದು ದರ ಕೊಡುವ ನಾಬ್ ಬದಲು ಪಕ್ಕದ ಎತ್ತರದ ನಾಬ್ ತಿರುಗಿರಬಹುದು ಎಂಬ ಸಾಧ್ಯತೆ ತನಿಖೆಯಲ್ಲಿ ಚರ್ಚೆಯಾಯಿತು. ಇಬ್ಬರ ಮುಂದಿನ ಪರದೆಗಳಲ್ಲಿ ದಾರಿ ತೋರುವ ಫ್ಲೈಟ್ ಡೈರೆಕ್ಟರ್ ಎಂಬ ಸಾಧನಗಳೆರಡೂ ಆರಿದ್ದರೆ ಯಂತ್ರ ವೇಗ ಕಾಯುವ ಸ್ಥಿತಿಗೆ ಮರಳುತ್ತಿತ್ತು. ಒಂದು ಆರಿತ್ತು, ಇನ್ನೊಂದು ಉರಿಯುತ್ತಲೇ ಇತ್ತು. ವೇಗ ಕುಗ್ಗುತ್ತ ಬಂತು. ಹಳೆಯ ತಲೆಮಾರಿನ ವಿಮಾನಗಳಲ್ಲಿ ಎಂಜಿನ್ ಶಕ್ತಿಗೂ ಅಂಗೈಯಡಿಯ ಥ್ರಾಟಲ್ ಸನ್ನೆಗೂ ನೇರ ನಂಟು. ಶಕ್ತಿ ಕಡಿಮೆಯಾದದ್ದು ಕೈಗೆ ಗೊತ್ತಾಗುತ್ತದೆ. ಎ320ರಲ್ಲಿ ಯಂತ್ರ ಶಕ್ತಿ ಬದಲಿಸಿದರೂ ಸನ್ನೆ ಇದ್ದಲ್ಲೇ ಇರುತ್ತದೆ. ತಿಳಿಯಬೇಕಾದರೆ ಪರದೆಯ ಮೇಲಿನ ಅಕ್ಷರ ಓದಬೇಕು. ಅವರು ಸನ್ನೆ ಮುಂದಕ್ಕೆ ತಳ್ಳುವ ಹೊತ್ತಿಗೆ ತಡವಾಗಿತ್ತು. ವಿಮಾನ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ಮುಂದೆ ದಿಣ್ಣೆಗೆ ಅಪ್ಪಳಿಸಿ ಉರಿಯಿತು. ಇದ್ದ 146 ಜನರಲ್ಲಿ 92 ಮಂದಿ ಸತ್ತರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ತನಿಖೆ ನಡೆಸಿದರು. ಪರಿಸ್ಥಿತಿಯ ಗಂಭೀರತೆ ಪೈಲಟ್‌ಗಳಿಗೆ ತಕ್ಷಣ ಅರಿವಾಗದೆ ಹೋದದ್ದು, ಕೂಡಲೇ ಎಂಜಿನ್ ಶಕ್ತಿ ಏರಿಸದೆ ಹೋದದ್ದು ಸಂಭವನೀಯ ಕಾರಣವೆಂದು ವರದಿ ಹೇಳಿತು. ಸರ್ಕಾರ ಎ320 ವಿಮಾನಗಳನ್ನು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. ದೋಷ ವಿಮಾನದ್ದೋ ಪೈಲಟ್‌ಗಳದೋ ಎಂಬ ವಾದ ಆಗ ಬಹಳ ಬಿರುಸಾಗಿ ನಡೆಯಿತು. ನನ್ನ ಮಟ್ಟಿಗೆ ಆ ವಾದಕ್ಕಿಂತ ದೊಡ್ಡ ಪಾಠ ಬೇರೆ ಇದೆ. ಆ ಇಬ್ಬರೂ ಅಸಮರ್ಥರಾಗಿರಲಿಲ್ಲ. ವರ್ಷಗಟ್ಟಲೆ ಕೈಗೂ ಕಿವಿಗೂ ಕೂತಿದ್ದ ಅಭ್ಯಾಸವನ್ನು ಹೊಸ ವಿಮಾನ ಸದ್ದಿಲ್ಲದೆ ನಿಷ್ಪ್ರಯೋಜಕ ಮಾಡಿತ್ತು. ತರಬೇತಿ ಹೊಸ ಗುಂಡಿಗಳನ್ನು ಕಲಿಸಿತು, ಹಳೆಯ ನಂಬಿಕೆಗಳನ್ನು ಕಳಚಲಿಲ್ಲ. ಟೈಪ್ ರೇಟಿಂಗಿನ ನಿಜವಾದ ಕೆಲಸ ಈ ಕಳಚುವಿಕೆ.

ಹಾಗಾದರೆ ಎಷ್ಟು ವ್ಯತ್ಯಾಸವಿದ್ದರೆ ಹೊಸ ರೇಟಿಂಗ್ ಬೇಕು? ಈ ವಿಷಯದ ಹೃದಯವೇ ಈ ಪ್ರಶ್ನೆ, ಮತ್ತು ಇದಕ್ಕೆ ಲೆಕ್ಕದ ಉತ್ತರವಿಲ್ಲ. ಎ318ರಿಂದ ಎ321ರವರೆಗೆ ಏರ್‌ಬಸ್ ಒಂದೇ ಬಗೆಯ ಕಾಕ್‌ಪಿಟ್ ಇಟ್ಟಿದೆ. ನಾಲ್ಕಕ್ಕೂ ಒಂದೇ ರೇಟಿಂಗ್. ಬೋಯಿಂಗ್ 757 ಮತ್ತು 767 ನೋಡಲು ಬೇರೆಯಾದರೂ ಅಮೆರಿಕದ ನಿಯಂತ್ರಕರು ಎರಡಕ್ಕೂ ಸಮಾನ ರೇಟಿಂಗ್ ಕೊಟ್ಟರು. ಮುಂದೆ 777 ಮತ್ತು 787ಕ್ಕೂ ಹಾಗೆಯೇ, ಕೆಲವು ದಿನಗಳ ವ್ಯತ್ಯಾಸ ತರಬೇತಿಯೊಂದಿಗೆ. ಇದರಲ್ಲಿ ವಿಮಾನ ಸಂಸ್ಥೆಗೆ ದೊಡ್ಡ ಲಾಭ. ಒಬ್ಬ ಪೈಲಟ್‌ನನ್ನು ಯಾವ ವಿಮಾನಕ್ಕೆ ಬೇಕಾದರೂ ಕಳಿಸಬಹುದು, ತರಬೇತಿಯ ವಾರಗಳು ಉಳಿಯುತ್ತವೆ. ಎಲ್ಲಿಯವರೆಗೆ ವ್ಯತ್ಯಾಸ ಸಣ್ಣದು ಎಂಬ ಮಾತು ನಿಜವೋ ಅಲ್ಲಿಯವರೆಗೆ ಇದು ಒಳ್ಳೆಯ ವ್ಯವಸ್ಥೆಯೇ.

737 ಮ್ಯಾಕ್ಸ್ ವಿಷಯದಲ್ಲಿ ಆ ಮಾತು ನಿಜವಾಗಿರಲಿಲ್ಲ. 1960ರ ದಶಕದಲ್ಲಿ ಹುಟ್ಟಿದ 737ಕ್ಕೆ ದೊಡ್ಡ ಎಂಜಿನ್‌ಗಳನ್ನು ಮುಂದಕ್ಕೆ, ಮೇಲಕ್ಕೆ ಕೂರಿಸಿದಾಗ ಕೆಲವು ಸ್ಥಿತಿಗಳಲ್ಲಿ ಅದರ ವರ್ತನೆ ಬದಲಾಯಿತು. ಅದನ್ನು ಸರಿದೂಗಿಸಲು ಮೂತಿಯನ್ನು ತಾನಾಗಿ ಕೆಳಗೆ ಒತ್ತುವ ಎಂಕ್ಯಾಸ್ ಎಂಬ ತಂತ್ರಾಂಶ ಸೇರಿಸಿದರು. ಹಳೆಯ 737ರ ರೇಟಿಂಗ್ ಇದ್ದವರಿಗೆ ಸಿಮ್ಯುಲೇಟರ್ ಬೇಡ, ಕಂಪ್ಯೂಟರ್ ಪರದೆಯ ಪಾಠ ಸಾಕು ಎಂಬುದು ಮಾರಾಟದ ಮುಖ್ಯ ಆಕರ್ಷಣೆಯಾಗಿತ್ತು. ಸಿಮ್ಯುಲೇಟರ್ ತರಬೇತಿ ಬೇಕಾದರೆ ಪ್ರತಿ ವಿಮಾನಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಗೆ ಬೋಯಿಂಗ್ ಮಾತು ಕೊಟ್ಟಿತ್ತು ಎಂಬುದು ಆಮೇಲೆ ಹೊರಬಂತು. ಪೈಲಟ್ ಕೈಪಿಡಿಯಲ್ಲಿ ಎಂಕ್ಯಾಸ್ ವಿವರಣೆಯೇ ಇರಲಿಲ್ಲ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿತ್ತು, 189 ಸಾವು. ಅದರ ಕ್ಯಾಪ್ಟನ್ ದೆಹಲಿಯ ಯುವಕ. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಸಾವು. ಆಮೇಲೆ ಮ್ಯಾಕ್ಸ್ ಮತ್ತೆ ಹಾರಲು ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಯಿತು. ಇಂದು ನಮ್ಮ ದೇಶದಲ್ಲಿ ಆಕಾಸ ಏರ್ ಪೂರ್ತಿ ಮ್ಯಾಕ್ಸ್ ವಿಮಾನಗಳನ್ನೇ ಹಾರಿಸುತ್ತದೆ. ಅದರ ಪೈಲಟ್‌ಗಳು ಈ ತರಬೇತಿ ಪಡೆದವರು. ಆದರೆ ಬೆಂಗಳೂರಿನ ದುರಂತವಾಗಿ ಎರಡು ದಶಕ ಕಳೆದ ಮೇಲೂ, ವ್ಯತ್ಯಾಸ ಸಣ್ಣದೆಂದು ಹೇಳಿ ವಿಮಾನ ಮಾರುವ ಧೈರ್ಯ ಯಾರಿಗಾದರೂ ಬಂತಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ರೇಟಿಂಗ್ ಸಿಕ್ಕ ಮೇಲೆ ಅದರೊಳಗೇ ಬೇಲಿಗಳಿವೆ. ಹೊಸಬರಿಗೆ ಸಿಗುವುದು ಸಹ ಪೈಲಟ್‌ನ ನಮೂದು, ವೃತ್ತಿಯ ಮಾತಿನಲ್ಲಿ ಪಿ2. ಕಮಾಂಡ್, ಅಂದರೆ ಪಿ1, ಬೇಕಾದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಇರಬೇಕು. ಅದಕ್ಕೆ 1,500 ಗಂಟೆ ಬೇಕು, ಹೊಸ ಪರೀಕ್ಷೆಗಳನ್ನು ದಾಟಬೇಕು. ಪಡೆದ ರೇಟಿಂಗ್ ಸುಮ್ಮನೆ ಇಟ್ಟರೆ ಬಾಳುವುದಿಲ್ಲ. ಕಳೆದ 90 ದಿನಗಳಲ್ಲಿ ಆ ಜಾತಿಯ ವಿಮಾನದಲ್ಲಿ ಮೂರು ಸಲ ಏರಿ ಇಳಿದಿರಬೇಕು, ಇಲ್ಲವಾದರೆ ಪ್ರಯಾಣಿಕರನ್ನು ಹೊರುವಂತಿಲ್ಲ. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಚೆಕ್. ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತಾಗ ಜಗತ್ತಿನೆಲ್ಲೆಡೆ ಸಾವಿರಾರು ಪೈಲಟ್‌ಗಳ ಈ ಗಡುವು ಮೀರಿಹೋಯಿತು. ಲೈಸೆನ್ಸ್ ಜೇಬಿನಲ್ಲಿತ್ತು, ಹಾರುವ ಹಕ್ಕು ಇರಲಿಲ್ಲ.

ಮಂಜಿನದು ಇನ್ನೊಂದು ಬೇಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಚಳಿಗಾಲದ ಬೆಳಗಿನ ಜಾವ ದಟ್ಟ ಮಂಜು ಕವಿಯುತ್ತದೆ. ಅಲ್ಲಿನ ಹೊಸ ದಕ್ಷಿಣ ರನ್‌ವೇಯಲ್ಲಿ ಕ್ಯಾಟ್ 3ಬಿ ಎಂಬ ದರ್ಜೆಯ ಸಾಧನಗಳಿವೆ. ಹತ್ತಾರು ಮೀಟರ್ ಮಾತ್ರ ಕಣ್ಣಿಗೆ ಕಂಡರೂ ಇಳಿಯಬಹುದು. ಆದರೆ ರನ್‌ವೇ, ವಿಮಾನ, ಪೈಲಟ್ ಮೂರಕ್ಕೂ ಆ ಅರ್ಹತೆ ಇರಬೇಕು. ಎ320 ರೇಟಿಂಗ್ ಇದ್ದೂ ಕ್ಯಾಟ್ 3 ತರಬೇತಿ ಇಲ್ಲದ ಪೈಲಟ್ ಬೇರೆ ಊರಿಗೆ ತಿರುಗಿಸಬೇಕಾಗುತ್ತದೆ. 2023ರ ಡಿಸೆಂಬರ್ ಕೊನೆಗೆ ದೆಹಲಿಯ ಮಂಜಿನಲ್ಲಿ ಹಲವಾರು ವಿಮಾನಗಳು ದಾರಿ ಬದಲಿಸಿದಾಗ, ಅಂಥ ತರಬೇತಿ ಇಲ್ಲದವರನ್ನು ಪಾಳಿಗೆ ಹಾಕಿದ್ದಕ್ಕೆ ಡಿಜಿಸಿಎ ಎರಡು ಸಂಸ್ಥೆಗಳಿಗೆ ನೋಟಿಸ್ ಕೊಟ್ಟಿತು. ಕೆಲವು ನಿಲ್ದಾಣಗಳಿಗೂ ಪ್ರತ್ಯೇಕ ಅರ್ಹತೆ ಬೇಕು. ಲೇಹ್, ಕಠ್ಮಂಡು, ಕಲ್ಲಿಕೋಟೆಯಂಥ ಕಡೆ ಬೆಟ್ಟವೋ ಗುಡ್ಡದ ತುದಿಯ ರನ್‌ವೇಯೋ ಇರುವುದರಿಂದ ಅಲ್ಲಿಗೆ ಹಾರುವವರು ತಕ್ಕ ಸಿಮ್ಯುಲೇಟರ್‌ನಲ್ಲಿ ಆ ನಿಲ್ದಾಣವನ್ನೇ ಅಭ್ಯಾಸ ಮಾಡಿರಬೇಕು. 2025ರಲ್ಲಿ ದೊಡ್ಡ ಸಂಸ್ಥೆಯೊಂದು ಇದಕ್ಕೆ ಅನುಮತಿಯಿಲ್ಲದ ಸಿಮ್ಯುಲೇಟರ್‌ಗಳಲ್ಲಿ ತರಬೇತಿ ಕೊಟ್ಟಿದೆ ಎಂದು ಡಿಜಿಸಿಎ ವಿವರಣೆ ಕೇಳಿತು.

ಗುಡ್ಡದ ತುದಿಯ ರನ್‌ವೇ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮಂಗಳೂರಿನ ಬಜ್ಪೆ. ಅಂಥ ನಿಲ್ದಾಣದಲ್ಲಿ ಏರಿಸುವುದೂ ಇಳಿಸುವುದೂ ಕ್ಯಾಪ್ಟನ್ ಕೈಯಲ್ಲೇ ಇರಬೇಕು ಎಂಬ ಮಿತಿ ಸಹ ಪೈಲಟ್ ಮೇಲೆ ಇರುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800ರಲ್ಲಿ ಕ್ಯಾಪ್ಟನ್ ವಿದೇಶಿ. ಅಂಥವರಿಗೆ ಡಿಜಿಸಿಎ ತಾತ್ಕಾಲಿಕ ಅನುಮತಿ ಕೊಡುತ್ತದೆ. ಸಹ ಪೈಲಟ್ ಮಂಗಳೂರಿನಲ್ಲೇ ನೆಲೆಸಿ, ಆ ರನ್‌ವೇಯನ್ನು ಚೆನ್ನಾಗಿ ಬಲ್ಲವರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಉಳಿದ ಅವಧಿಯ ಬಹುಭಾಗ ಕ್ಯಾಪ್ಟನ್ ನಿದ್ದೆಯಲ್ಲಿದ್ದದ್ದು ತಿಳಿಯಿತು. ಎಚ್ಚೆತ್ತ ಮೇಲೆ ವಿಮಾನ ಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ಇಳಿಯುವುದು ಬಿಟ್ಟು ಮೇಲೇರೋಣ ಎಂದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಸುಮಾರು 8,000 ಅಡಿ ರನ್‌ವೇಯಲ್ಲಿ 5,000 ಅಡಿಗೂ ಮಿಕ್ಕಿ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. 158 ಜನ ಸತ್ತರು, 8 ಮಂದಿ ಬದುಕಿದರು.

ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖೆ ಕ್ಯಾಪ್ಟನ್‌ನ ನಿದ್ದೆಯ ಮಂಪರನ್ನೂ ಇಳಿಯುವಿಕೆ ಕೈಬಿಡದ ಹಟವನ್ನೂ ಎತ್ತಿ ಹೇಳಿತು. ಇಲ್ಲಿ ಕಾಗದದ ಮೇಲೆ ಎಲ್ಲ ಸರಿಯಿತ್ತು. ಇಬ್ಬರಿಗೂ ಆ ವಿಮಾನದ ರೇಟಿಂಗ್ ಇತ್ತು, ಕ್ಯಾಪ್ಟನ್ 10,000 ಗಂಟೆ ದಾಟಿದವರು. ಸಹ ಪೈಲಟ್ ಮೇಲಿನ ಮಿತಿ ಇಳಿಸಬೇಡ ಎನ್ನುತ್ತದೆ. ಅಪಾಯ ಕಂಡಾಗ ತಡೆಯಬೇಡ ಎನ್ನುವುದಿಲ್ಲ. ಆದರೆ ವರ್ಷಗಟ್ಟಲೆ ಎರಡನೆಯವರಾಗಿ ಕೂತವರ ಮನಸ್ಸಿನಲ್ಲಿ ಇಳಿಸಬೇಡ ಎಂಬುದು ತಡೆಯಬೇಡ ಎಂಬುದಾಗಿ ಬೆಳೆದುಬಿಡುವ ಅಪಾಯವಿದೆ. ಮಿತಿ ಹಾಕುವವರು ಅದರ ಜೊತೆಗೇ, ಅದೇ ದಪ್ಪ ಅಕ್ಷರದಲ್ಲಿ, ಯಾವಾಗ ಕೈ ಹಾಕಲೇಬೇಕು ಎಂಬುದನ್ನೂ ಕಲಿಸಬೇಕು. ಈಗ ಸಂಸ್ಥೆಗಳ ತರಬೇತಿಯಲ್ಲಿ ಇದಕ್ಕೆ ಹಿಂದಿಗಿಂತ ಹೆಚ್ಚು ಜಾಗವಿದೆ ಎಂಬುದು ಸಮಾಧಾನದ ಸಂಗತಿ.

ಅಮೆರಿಕದ ದಾರಿ ಬೇರೆ. ಅಲ್ಲಿ ಬಹುಕಾಲ ದೇಶದೊಳಗಿನ ಹಾರಾಟದ ಸಹ ಪೈಲಟ್‌ಗೆ ಟೈಪ್ ರೇಟಿಂಗೇ ಬೇಕಿರಲಿಲ್ಲ. ಹೊರದೇಶಗಳು ತಕರಾರು ತೆಗೆದ ಮೇಲೆ 2005ರಲ್ಲಿ ಸಹ ಪೈಲಟ್‌ಗೆ ಮಾತ್ರ ಸೀಮಿತವಾದ ರೇಟಿಂಗ್ ಬಂತು. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಡ್ಯಾಶ್ 8 ವಿಮಾನ ಬಿದ್ದು 50 ಜನ ಸತ್ತರು. ಆ ಕುಟುಂಬಗಳ ಹೋರಾಟದಿಂದ 2013ರಲ್ಲಿ ಕಾನೂನು ಬದಲಾಯಿತು. ಸಹ ಪೈಲಟ್‌ಗೂ ಪೂರ್ಣ ರೇಟಿಂಗ್ ಬೇಕು, ಸಾಮಾನ್ಯವಾಗಿ 1,500 ಗಂಟೆ ಬೇಕು. ಭಾರತದಲ್ಲೂ ಯುರೋಪಿನಲ್ಲೂ 200-250 ಗಂಟೆಯವರು ರೇಟಿಂಗ್ ಪಡೆದು ಜೆಟ್ಟಿನ ಬಲ ಸೀಟಿಗೆ ಬರುತ್ತಾರೆ. ಯಾವುದು ಸರಿ? ಬಫಲೋದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆ ಆಗಿತ್ತೆಂಬುದನ್ನು ಗಮನಿಸಬೇಕು. ಪುಟ್ಟ ವಿಮಾನದಲ್ಲಿ ಸುಮ್ಮನೆ ಸುತ್ತಿ ಕೂಡಿಸಿದ ಸಾವಿರ ಗಂಟೆಗಿಂತ, ಹಾರಿಸಬೇಕಾದ ವಿಮಾನದ್ದೇ ಸಿಮ್ಯುಲೇಟರ್‌ನಲ್ಲಿ ಕಟ್ಟುನಿಟ್ಟಾಗಿ ಕಳೆದ ನೂರು ಗಂಟೆ ಹೆಚ್ಚು ಎಂದು ನನಗನಿಸುತ್ತದೆ. ಆದರೆ ಆ ವಾದ ನಿಲ್ಲುವುದು ಸಿಮ್ಯುಲೇಟರ್‌ನ ನೂರು ಗಂಟೆ ಪ್ರಾಮಾಣಿಕವಾಗಿದ್ದರೆ ಮಾತ್ರ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ನಮ್ಮ ದೇಶದಲ್ಲೇ ಸಿಕ್ಕಿಬಿದ್ದದ್ದನ್ನು ಮರೆಯುವಂತಿಲ್ಲ.

ಇನ್ನು ಹಣದ ಮಾತು. ಸಿಪಿಎಲ್‌ಗೆ ಅರ್ಧ ಕೋಟಿಗೂ ಮಿಕ್ಕಿ ತಗಲುತ್ತದೆ. ಎ320 ಅಥವಾ 737ರ ಟೈಪ್ ರೇಟಿಂಗ್‌ಗೆ ಅದರ ಮೇಲೆ 15ರಿಂದ 20 ಲಕ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಬನಹಟ್ಟಿಯ ಮಗ್ಗದ ಮನೆಗಾಗಲಿ ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಮನೆಗಾಗಲಿ ಇದು ತಲೆಮಾರಿನ ಗಳಿಕೆ. ಸಂಸ್ಥೆಯೇ ರೇಟಿಂಗ್ ಕೊಡಿಸಿದರೆ ಬಾಂಡ್ ಬರೆಸಿಕೊಳ್ಳುತ್ತದೆ. ಅದರ ಜೊತೆಗೆ ರಾಜೀನಾಮೆ ಕೊಟ್ಟ ಮೇಲೆ ಸಹ ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಕಾಯಬೇಕೆಂಬ ಡಿಜಿಸಿಎ ನಿಯಮವಿದೆ. ಸ್ವಂತ ಹಣದಿಂದ ಮೊದಲೇ ರೇಟಿಂಗ್ ಪಡೆದವರ ಕಷ್ಟ ಬೇರೆ. ಕೆಲಸ ಸಿಗುವಷ್ಟರಲ್ಲಿ ಅಭ್ಯಾಸದ ಗಡುವು ಮೀರಿರುತ್ತದೆ, ಮತ್ತೆ ಸಿಮ್ಯುಲೇಟರ್ ಖರ್ಚು.

ಯಾವ ಜಾತಿಯ ವಿಮಾನ ಎಂಬ ಆಯ್ಕೆ ಬದುಕಿನ ದಿಕ್ಕನ್ನೇ ತಿರುಗಿಸುತ್ತದೆ. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಎಟಿಆರ್ ವಿಮಾನಗಳೊಂದಿಗೆ ಹುಬ್ಬಳ್ಳಿಯಂಥ ಊರಿಗೆ ಅಗ್ಗದ ಹಾರಾಟ ತಂದಾಗ ಎಟಿಆರ್ ಪೈಲಟ್‌ಗಳಿಗೆ ಬೇಡಿಕೆ ಹುಟ್ಟಿತು. ಅದು ಸೇರಿಹೋದ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಎ320 ರೇಟಿಂಗ್ ಇದ್ದವರಿಗೆ ಬೇರೆ ಬಾಗಿಲುಗಳಿದ್ದವು, ಎಟಿಆರ್‌ನವರಿಗೆ ಆಗ ಅಷ್ಟು ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ 737ರವರು ಬೀದಿಗೆ ಬಂದರು, ಅದೇ ಹೊತ್ತಿಗೆ ಎ320 ಹಾರಿಸುವ ಸಂಸ್ಥೆಗಳು ಬೆಳೆಯುತ್ತಿದ್ದವು. 2025ರ ಡಿಸೆಂಬರ್‌ನಲ್ಲಿ ವಿಶ್ರಾಂತಿಯ ಹೊಸ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಲಾಗದೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ಆಗ ಬಹಳ ಜನ, ದೇಶದಲ್ಲಿ ಕೆಲಸವಿಲ್ಲದ ಸಿಪಿಎಲ್ ಹುಡುಗರು ಇಷ್ಟಿದ್ದಾರಲ್ಲ, ಅವರನ್ನು ಕರೆಯಬಾರದೇ ಎಂದು ಕೇಳಿದರು. ಕರೆಯಲಾಗದು. ರೇಟಿಂಗ್ ಇಲ್ಲದವರನ್ನು ಸಿದ್ಧಗೊಳಿಸಲು ತಿಂಗಳುಗಳೇ ಬೇಕು. ಮುಂಚೆಯೇ ನೇಮಿಸಿ ತರಬೇತಿ ಕೊಡದ ಸಂಸ್ಥೆ, ವಿಶ್ರಾಂತಿಯ ನಿಯಮ ಕಠಿಣವಾಯಿತೆಂದು ದೂರುವುದು ನ್ಯಾಯವಲ್ಲ.

ರೇಟಿಂಗಿನ ಮಿತಿಗಳನ್ನು ಸಡಿಲಿಸಿ ಕೊರತೆ ನೀಗಿಸೋಣ ಎಂಬ ಮಾತು ಇಂಥ ಸಮಯದಲ್ಲೆಲ್ಲ ಏಳುತ್ತದೆ. ನಾನು ಅದಕ್ಕೆ ವಿರೋಧಿ. ಸಡಿಲಿಸಬೇಕಾದದ್ದು ಖರ್ಚಿನ ಭಾರವನ್ನು. ರೇಟಿಂಗ್ ಬೇಕಾಗಿರುವುದು ಸಂಸ್ಥೆಯ ವಿಮಾನಕ್ಕೆ. ಅದರ ಖರ್ಚು ಸಂಸ್ಥೆಯದೇ ಆಗಬೇಕು, ಬಾಂಡ್ ನ್ಯಾಯವಾದ ಅವಧಿಗಿರಬೇಕು. ಸಂಸ್ಥೆ ಮುಚ್ಚಿದರೆ ಸಾಲ ಹುಡುಗರ ಮೇಲೆ ಉಳಿಯದಂಥ ವಿಮೆಯಾದರೂ ಇರಬೇಕು. ಸರ್ಕಾರದ ವಿದ್ಯಾರ್ಥಿವೇತನಗಳು ಸಿಪಿಎಲ್‌ಗೆ ನಿಂತುಬಿಟ್ಟರೆ ಅರ್ಧ ದಾರಿಯಲ್ಲಿ ಇಳಿಸಿದಂತೆ. ಅವು ಟೈಪ್ ರೇಟಿಂಗ್‌ವರೆಗೂ ಹೋಗಬೇಕು.

ಇಲ್ಲೊಂದು ಮಾತು ಸೇರಿಸಬೇಕು. ಮುಧೋಳದ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಿಂದ ವಾಯುಪಡೆ ಮುಧೋಳ ನಾಯಿಮರಿಗಳನ್ನು ಪಡೆದದ್ದು ರನ್‌ವೇ ಮೇಲಿನ ಹಕ್ಕಿ, ಪ್ರಾಣಿಗಳನ್ನು ಓಡಿಸುವ ಕೆಲಸಕ್ಕೆ. ಹಕ್ಕಿ ಬಡಿದು ಎಂಜಿನ್ ಕೆಡುವುದು ಸಿಮ್ಯುಲೇಟರ್‌ನಲ್ಲಿ ಪ್ರತಿ ಪೈಲಟ್ ಎದುರಿಸುವ ಪರೀಕ್ಷೆ. ವಿಮಾನಯಾನಕ್ಕೂ ಈ ತಾಲೂಕಿಗೂ ಹೀಗೆ ಒಂದು ನಂಟು ಆಗಲೇ ಬೆಳೆದಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಪೈಲಟ್ ಆಗಬೇಕೆನ್ನುವ ಮಕ್ಕಳ ತಂದೆತಾಯಿ ಮೊದಲು ಮಾಡಬೇಕಾದದ್ದು ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಅದು ನಡೆಯುತ್ತದೆ. ಅಲ್ಲಿ ಅಡ್ಡಿ ಬಂದರೆ ಉಳಿದ ಖರ್ಚೆಲ್ಲ ವ್ಯರ್ಥ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಮಾತಿನ ಪರೀಕ್ಷೆಗೆ ಹೆದರಬೇಕಿಲ್ಲ. ಅದರಲ್ಲಿ ಕನಿಷ್ಠ ನಾಲ್ಕನೇ ಹಂತ ಬೇಕು, ಅದು ಸ್ಪಷ್ಟವಾಗಿ ತಿಳಿಸುವ, ತಿಳಿಯುವ ಸಾಮರ್ಥ್ಯವನ್ನು ಅಳೆಯುತ್ತದೆ, ಉಚ್ಚಾರದ ಠೀವಿಯನ್ನಲ್ಲ. ಶಾಲೆಗೆ ದುಡ್ಡು ಕಟ್ಟುವ ಮುನ್ನ, ಹೇಳಿದ ಮೊತ್ತದಲ್ಲಿ ಟೈಪ್ ರೇಟಿಂಗ್ ಸೇರಿದೆಯೇ, ಯಾವ ವಿಮಾನದ್ದು, ಡಿಜಿಸಿಎ ಒಪ್ಪಿದ ಯಾವ ಸಿಮ್ಯುಲೇಟರ್‌ನಲ್ಲಿ, ನಿಜ ವಿಮಾನದಲ್ಲಿ ಏರಿಳಿಯುವ ಖರ್ಚು ಯಾರದು ಎಂದು ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಬೇಕು. 'ಪ್ಲೇಸ್‌ಮೆಂಟ್ ನೂರಕ್ಕೆ ನೂರು' ಎನ್ನುವವರನ್ನು, ಕಳೆದ ತಂಡದಲ್ಲಿ ಎಷ್ಟು ಮಂದಿ ಈಗ ಯಾವ ವಿಮಾನದ ಬಲ ಸೀಟಿನಲ್ಲಿದ್ದಾರೆ ಎಂದು ಕೇಳಬೇಕು. 2025ರಿಂದ ಡಿಜಿಸಿಎ ಪೈಲಟ್ ಲೈಸೆನ್ಸನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡುತ್ತಿದೆ. ಆ ಶಾಲೆಯಿಂದ ಹೊರಬಂದ ಹುಡುಗನೋ ಹುಡುಗಿಯೋ ಪರಿಚಯದವರಿದ್ದರೆ ಅವರ ಫೋನಿನಲ್ಲೇ ಅದನ್ನು ತೋರಿಸಲು ಹೇಳಬಹುದು. ಯಾವ ವಿಮಾನದ ಹೆಸರು ಅಲ್ಲಿದೆ, ಇನ್ನೂ ಖಾಲಿಯಿದೆಯೇ ಎಂಬುದು ಯಾವ ಜಾಹೀರಾತಿಗಿಂತ ಚೆನ್ನಾಗಿ ತಿಳಿಯುತ್ತದೆ.